ಲೆನ್ಸ್ ಡಬ್ಬಿಯ ಮೇಲಿನ 38 ಅಂದರೆ ಏನು?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಎರಡೂ ಕಣ್ಣಿಗೆ ಮೈನಸ್ 5.5. ಮನೆ ಡೊಂಬಿವಲಿಯಲ್ಲಿ, ಕೆಲಸ ಮುಂಬಯಿಯ ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್). ಬೆಳಿಗ್ಗೆ ಆರೂವರೆಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ತೆಗೆಯುವುದು ರಾತ್ರಿ ಹತ್ತರ ಮೇಲೆ. ಸಂಜೆ ಐದಾಗುವಷ್ಟರಲ್ಲಿ ಕಣ್ಣಿಗೆ ಮರಳು ಬಿದ್ದ ಹಾಗೆ ಆಗುತ್ತದೆ. ಈಗ ಹಾಕುತ್ತಿರುವುದು 58% ನೀರಿರುವ ತಿಂಗಳ ಲೆನ್ಸ್. ಅಂಗಡಿಯವರು '38% ನೀರಿನದು ತಗೊಳ್ಳಿ, ಮಲಗುವಾಗಲೂ ತೆಗೆಯೋದು ಬೇಡ' ಅಂತಾರೆ. ಬೆಲೆ ಹೆಚ್ಚುಕಡಿಮೆ ಎರಡರಷ್ಟು. ನೀರು ಕಡಿಮೆ, ದುಡ್ಡು ಜಾಸ್ತಿ! ಇದು ಮೋಸ ಅಲ್ವಾ? ಇನ್ನೊಂದು, ವಾಪಸ್ ಬರುವಾಗ ಟ್ರೇನಿನಲ್ಲಿ ತೂಕಡಿಸಿದರೆ ಏನಾದರೂ ಆಗುತ್ತಾ?

ಉತ್ತರ: ಮೊದಲು ಒಂದು ತಿದ್ದುಪಡಿ. ನಾನು ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ಮುಲುಂಡ್‌ನಲ್ಲಿ ಕೂತು ಕಣ್ಣಿನ ನಂಬರ್ ನೋಡುವುದು, ಲೆನ್ಸ್ ಕೂರಿಸುವುದು ನನ್ನ ಕೆಲಸ. ಕಣ್ಣಿಗೆ ರೋಗ ಬಂದರೆ ನಾನೂ ಡಾಕ್ಟರ ಹತ್ತಿರವೇ ಕಳಿಸುತ್ತೇನೆ.

ಅಂಗಡಿಯವರು ಮೋಸ ಮಾಡುತ್ತಿಲ್ಲ. ಅವರು ಹೇಳಿದ ಮೊದಲರ್ಧ ಬಹುಶಃ ಸರಿ. 'ಮಲಗುವಾಗಲೂ ತೆಗೆಯೋದು ಬೇಡ' ಅನ್ನುವ ಉಳಿದರ್ಧಕ್ಕೆ ನನ್ನ ತಕರಾರಿದೆ. 'ಬಹುಶಃ' ಅಂದಿದ್ದು ಯಾಕೆಂದರೆ, 38 ಅನ್ನುವ ಸಂಖ್ಯೆ ಒಂದನ್ನೇ ನೋಡಿ ಅದು ಎಂಥ ಲೆನ್ಸ್ ಅಂತ ಯಾರಿಗೂ ಹೇಳಲು ಬರುವುದಿಲ್ಲ. ನನಗೂ ಬರುವುದಿಲ್ಲ.

ನೀರು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ನಿಮ್ಮ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ಸುಮಾರು 40 ವರ್ಷ ಅದು ನಿಜವೇ ಆಗಿತ್ತು. ಕಣ್ಣಿನ ಕಪ್ಪು ಭಾಗದ ಮೇಲಿರುವ ಗಾಜಿನಂಥ ಪೊರೆಗೆ ಕಾರ್ನಿಯಾ ಅನ್ನುತ್ತಾರೆ. ಅದರಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ನಮಗೆ ಆಚೆ ಕಾಣುತ್ತಿರಲಿಲ್ಲ. ಹಾಗಾಗಿ ಅದು ತನಗೆ ಬೇಕಾದ ಆಕ್ಸಿಜನ್ ಅನ್ನು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ ತೆಗೆದುಕೊಳ್ಳುತ್ತದೆ. ನಮ್ಮ ಮುಂಬಯಿಯಂಥ ಸಮುದ್ರಮಟ್ಟದ ಊರಿನಲ್ಲಿ ಕಣ್ಣು ತೆರೆದಿದ್ದಾಗ ಅದಕ್ಕೆ ಸಿಗುವ ಆಕ್ಸಿಜನ್ನಿನ ಒತ್ತಡ ಸುಮಾರು 155 ಮಿಲಿಮೀಟರ್ ಪಾದರಸ. ಕಣ್ಣು ಮುಚ್ಚಿದರೆ ಗಾಳಿ ಇಲ್ಲ. ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಸಿಕ್ಕಷ್ಟೇ ಗತಿ, 55ರಿಂದ 60ರವರೆಗೆ. ಇದು ಲೆನ್ಸ್ ಇಲ್ಲದ ಕಣ್ಣಿನ ಮಾತು. ಅದರ ಮೇಲೆ ಒಂದು ಪ್ಲಾಸ್ಟಿಕ್ ಹೊದಿಕೆ ಹೊದಿಸಿದರೆ ಹೇಗಿರಬೇಡ!

ಆ ಹೊದಿಕೆಯನ್ನು ಮೊದಲು ಮೆತ್ತಗೆ ಮಾಡಿದವರು ಆಗಿನ ಚೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿ ಓಟ್ಟೊ ವಿಖ್ಟೆರ್ಲೆ. 1961ರ ಕ್ರಿಸ್‌ಮಸ್ ಹೊತ್ತಿನಲ್ಲಿ, ಮನೆಯ ಅಡುಗೆಮನೆ ಮೇಜಿನ ಮೇಲೆ, ಮಕ್ಕಳ ಜೋಡಣೆ ಆಟಿಕೆಯ ತುಂಡುಗಳಿಗೆ ಸೈಕಲ್ ಡೈನಮೋ ಸಿಕ್ಕಿಸಿ ಗಿರಗಿರ ತಿರುಗುವ ಯಂತ್ರ ಮಾಡಿಕೊಂಡು ಲೆನ್ಸ್ ಎರೆದರು. ಅವರ ವಸ್ತುವಿಗೆ ಹೆಮಾ ಅಂತ ಹೆಸರು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ, ಬಾಷ್ ಅಂಡ್ ಲಾಂಬ್ ಕಂಪನಿಯ ಮೂಲಕ. ಹೆಮಾ ಒಣಗಿದಾಗ ಹಪ್ಪಳದ ಚೂರು, ನೆನೆದಾಗ ಫಲೂದಾಕ್ಕೆ ಹಾಕುವ ಕಾಮಕಸ್ತೂರಿ ಬೀಜದ ಮೇಲಿನ ಲೋಳೆ. ಕೇಸಿನಿಂದ ಜಾರಿಬಿದ್ದ ಹಳೇ ಲೆನ್ಸ್ ಮಾರನೇ ದಿನ ಬಚ್ಚಲುಮನೆ ಮೂಲೆಯಲ್ಲಿ ಸಿಕ್ಕಿದರೆ ಮುಟ್ಟಿ ನೋಡಿ. ಚಟಕ್ ಅಂತ ಮುರಿಯುತ್ತದೆ. (ಅದನ್ನು ನೆನೆಸಿ ಮತ್ತೆ ಹಾಕಿಕೊಂಡವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.)

ಈ ಹಳೇ ವಸ್ತುವಿನಲ್ಲಿ ಆಕ್ಸಿಜನ್ ಹೋಗುವುದು ನೀರಿನಲ್ಲಿ ಕರಗಿಕೊಂಡು. ಪ್ಲಾಸ್ಟಿಕ್ ಬರೀ ಜಾಲರಿ, ದಾರಿ ನೀರಿನದು. ಅದಕ್ಕೇ ನೀರು ಹೆಚ್ಚಿದಷ್ಟೂ ಉಸಿರು ಹೆಚ್ಚು. ವಸ್ತು ಎಷ್ಟು ಆಕ್ಸಿಜನ್ ಬಿಡುತ್ತದೆ ಅನ್ನುವುದಕ್ಕೆ ನಮ್ಮಲ್ಲಿ ಡಿಕೆ ಅನ್ನುವ ಅಳತೆ ಇದೆ. ಉಡುಪಿ-ಮಂಗಳೂರು ಕಡೆಯವರು ನಗಬೇಡಿ, ಇದು ದಕ್ಷಿಣ ಕನ್ನಡ ಅಲ್ಲ. 38% ನೀರಿನ ಮಾಮೂಲಿ ಹೆಮಾಕ್ಕೆ ಡಿಕೆ 8-9. 58% ನೀರಿನ ನಿಮ್ಮ ಈಗಿನ ಲೆನ್ಸ್ ಹಳೇ ಜಾತಿಯದಾದರೆ 20ರ ಆಸುಪಾಸು. ಹಾಗಾದರೆ ನೀರು ಏರಿಸುತ್ತಾ ಹೋದರಾಯಿತಲ್ಲ? ಆಗುವುದಿಲ್ಲ. ಬರೀ ನೀರಿನ ಡಿಕೆಯೇ 80ರ ಸುಮಾರು. ಲೆನ್ಸ್ ಪೂರ್ತಿ ನೀರೇ ಆದರೂ ಅದನ್ನು ದಾಟುವಂತಿಲ್ಲ. ಅದೂ ಅಲ್ಲದೆ ನೀರು ಜಾಸ್ತಿ ಇರುವ ಲೆನ್ಸ್ ಬೇಗ ಹರಿಯುತ್ತದೆ. ಹರಿಯದಿರಲಿ ಅಂತ ದಪ್ಪ ಮಾಡಿದರೆ ಗಳಿಸಿದ ಉಸಿರು ದಪ್ಪದಲ್ಲಿ ಹೋಗುತ್ತದೆ.

ದಾರಿ ಬದಲಾಗಿದ್ದು 1998-99ರಲ್ಲಿ, ಸಿಲಿಕೋನ್ ಹೈಡ್ರೋಜೆಲ್ ಬಂದಾಗ. ಸಿಲಿಕೋನ್ ಮೂಲಕ ಆಕ್ಸಿಜನ್ ನೀರಿನ ಹಂಗಿಲ್ಲದೆ ಸಲೀಸಾಗಿ ಹಾಯುತ್ತದೆ. ಇಲ್ಲಿ ಲೆಕ್ಕ ಉಲ್ಟಾ. ಸಾಮಾನ್ಯವಾಗಿ ನೀರು ಕಡಿಮೆ ಅಂದರೆ ಸಿಲಿಕೋನ್ ಜಾಸ್ತಿ, ಹಾಗಾಗಿ ಉಸಿರೂ ಜಾಸ್ತಿ, ಆದರೆ ಎಲ್ಲ ವಸ್ತುವಿಗೂ ಈ ಲೆಕ್ಕ ಕೂಡುವುದಿಲ್ಲ. ಮೊದಲ ಪೀಳಿಗೆಯ ಲೋಟ್ರಾಫಿಲ್ಕಾನ್ ಎ ಅನ್ನುವ ವಸ್ತುವಿನಲ್ಲಿ ನೀರು 24% ಮಾತ್ರ, ಡಿಕೆ 140! ನಿಮ್ಮ ಅಂಗಡಿಯವರು ಹೇಳುತ್ತಿರುವ 38% ಲೆನ್ಸ್ ಸೆನೋಫಿಲ್ಕಾನ್ ಎ ಆಗಿದ್ದರೆ, ಅಂದರೆ ಅಕ್ಯುವ್ಯೂ ಓಯಸಿಸ್ ಜಾತಿಯದಾಗಿದ್ದರೆ, ಡಿಕೆ 103.

ಈಗ 'ಬಹುಶಃ'ಕ್ಕೆ ಬರೋಣ. ಹಳೇ ಹೆಮಾದಲ್ಲೂ ನೀರು 38%, ಸೆನೋಫಿಲ್ಕಾನ್‌ನಲ್ಲೂ 38%. ಒಂದರ ಡಿಕೆ 9, ಇನ್ನೊಂದರದು 103. ಡಬ್ಬಿ ಮೇಲೆ ಇಬ್ಬರೂ 38 ಅಂತಲೇ ಅಚ್ಚು ಹಾಕಿಸುತ್ತಾರೆ. ನನ್ನ ಹತ್ತಿರ ಬಂದ ಒಬ್ಬ ಹುಡುಗ ವರ್ಷವಿಡೀ ಹಳೇ ಹೆಮಾ ಲೆನ್ಸನ್ನು 'ಹೊಸ ಕಡಿಮೆ ನೀರಿನ ಲೆನ್ಸ್' ಅಂತ ನಂಬಿ ದಿನಕ್ಕೆ 14 ಗಂಟೆ ಹಾಕಿದ್ದ. ಅವನ ಕಾರ್ನಿಯಾದ ಅಂಚಿನಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಒಳಕ್ಕೆ ಬೇರು ಬಿಡಲು ಶುರು ಮಾಡಿದ್ದವು. ಆಕ್ಸಿಜನ್ ಸಿಗದ ಕಾರ್ನಿಯಾ ಹಾಗೆ ರಕ್ತಕ್ಕೆ ಕೈಚಾಚುತ್ತದೆ. ಆದ್ದರಿಂದ ಶೇಕಡಾವಾರು ಬಿಡಿ, ವಸ್ತುವಿನ ಹೆಸರು ಓದಿ. ಡಬ್ಬಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪಾಲಿಮಾಕಾನ್ ಅಂತಿದ್ದರೆ ಅದು ಹಳೇ ಹೆಮಾ. ಸೆನೋಫಿಲ್ಕಾನ್ ಎ, ಕಾಮ್‌ಫಿಲ್ಕಾನ್ ಎ (ಬಯೋಫಿನಿಟಿ, ನೀರು 48%, ಡಿಕೆ 128), ಲೋಟ್ರಾಫಿಲ್ಕಾನ್ ಬಿ (ಏರ್ ಆಪ್ಟಿಕ್ಸ್, ನೀರು 33%, ಡಿಕೆ 110) ಇವೆಲ್ಲ ಸಿಲಿಕೋನ್ ಕುಲದವು. ನೀವು ದುಪ್ಪಟ್ಟು ಕೊಡುವುದು ಈ ಹೆಸರಿಗೆ.

ಡಿಕೆ ವಸ್ತುವಿನ ಗುಣ. ಕಣ್ಣಿಗೆ ನಿಜವಾಗಿ ಎಷ್ಟು ಮುಟ್ಟುತ್ತದೆ ಅನ್ನುವುದು ದಪ್ಪದ ಮೇಲೆ ನಿಂತಿದೆ. ಡಿಕೆ 128 ಇರುವ ಲೆನ್ಸ್ ನಡುವಿನಲ್ಲಿ 0.08 ಮಿಲಿಮೀಟರ್ ದಪ್ಪ ಇದ್ದರೆ, 128ನ್ನು 0.8ರಿಂದ ಭಾಗಿಸಿ (ಅಳತೆಯ ರೂಢಿಯಂತೆ ದಪ್ಪವನ್ನು ಹತ್ತರಿಂದ ಗುಣಿಸಿಕೊಳ್ಳುತ್ತೇವೆ), 160. ಆಸ್ಟ್ರೇಲಿಯಾದ ಬ್ರಿಯನ್ ಹೋಲ್ಡನ್ ಮತ್ತು ಜಾರ್ಜ್ ಮರ್ಟ್ಜ್ 1984ರಲ್ಲೇ ಇದಕ್ಕೆ ಗಡಿ ಹಾಕಿದ್ದರು: ಹಗಲಿಗೆ ಕನಿಷ್ಠ 24, ಮಲಗುವುದಕ್ಕೆ 87. ಆಮೇಲೆ 1999ರಲ್ಲಿ ಬೇರೆಯವರು ಮತ್ತೆ ಲೆಕ್ಕ ಹಾಕಿ 35 ಮತ್ತು 125 ಬೇಕು ಅಂದರು. (ಹೈದರಾಬಾದಿನ ಎಲ್‌ವಿ ಪ್ರಸಾದ್ ಸಂಸ್ಥೆಯ ಆಪ್ಟೋಮೆಟ್ರಿ ಶಾಲೆಗೆ ಇದೇ ಹೋಲ್ಡನ್ ಅವರ ಹೆಸರಿಟ್ಟಿದ್ದಾರೆ.) ನಿಮ್ಮ 58% ಲೆನ್ಸ್ ಇದರಲ್ಲಿ ಅಂಚಿಗೆ ಪಾಸಾಗುವ ಹುಡುಗಿ. ಅದೂ ನಡುವಿನಲ್ಲಿ.

ನಡುವಿನಲ್ಲಿ ಅಂದಿದ್ದಕ್ಕೆ ಕಾರಣ ಇದೆ. ಕಂಪನಿಗಳು ಈ ಸಂಖ್ಯೆಯನ್ನು ಸಾಮಾನ್ಯವಾಗಿ ಮೈನಸ್ 3 ಪವರ್ ಲೆನ್ಸಿನ ಮಧ್ಯಭಾಗಕ್ಕೆ ಕೊಡುತ್ತವೆ. ಮೈನಸ್ ಲೆನ್ಸ್ ಮಧ್ಯದಲ್ಲಿ ತೆಳು, ಅಂಚಿಗೆ ಹೋದಂತೆ ದಪ್ಪ. ನಿಮ್ಮದು ಮೈನಸ್ 5.5. ಅಂದರೆ ಕಪ್ಪು-ಬಿಳಿ ಕೂಡುವ ಜಾಗಕ್ಕೆ ಸಿಗುವ ಉಸಿರು ಡಬ್ಬಿ ಮೇಲೆ ಬರೆದಿದ್ದಕ್ಕಿಂತ ಎಷ್ಟೋ ಕಡಿಮೆ. ಸಂಜೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಕಪ್ಪುಗುಡ್ಡೆ ಸುತ್ತ ಬಳೆಯ ಹಾಗೆ ಕೆಂಪು ಕಾಣುತ್ತಿದ್ದರೆ ಅದು ಇದೇ ಉಸಿರಿನ ಕೊರತೆ. ದಿನಕ್ಕೆ 16 ಗಂಟೆ ಲೆನ್ಸ್ ಹಾಕುವ, ಈ ಪವರ್ ಇರುವ ನಿಮಗೆ ಸಿಲಿಕೋನ್ ಬೇಕೇ ಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಒಂದು ಎಚ್ಚರ. ಉಸಿರಾಟ ಬೇರೆ, ಹಿತ ಬೇರೆ. ಕೆಂಪು ಬಳೆ ಹೋಗುವುದು ಉಸಿರಿನಿಂದ. ಸಂಜೆಯ ಮರಳು ಹೋಗುವುದು ಅದೊಂದರಿಂದಲೇ ಅಲ್ಲ.

ಸಿಲಿಕೋನ್‌ಗೂ ನೀರಿಗೂ ಹುಟ್ಟಿನಿಂದ ಆಗಿಬರುವುದಿಲ್ಲ. ಕೆಸುವಿನ ಎಲೆ ಮೇಲೆ ನೀರು ಹಾಕಿ ನೋಡಿ, ಮುತ್ತಿನ ಹಾಗೆ ಉರುಳಿ ಹೋಗುತ್ತದಲ್ಲ, ಸಿಲಿಕೋನ್ ಮೇಲೆ ಕಣ್ಣೀರೂ ಹಾಗೇ. ಹಿಂದೆ ಅಪ್ಪಟ ಸಿಲಿಕೋನ್ ರಬ್ಬರಿನಲ್ಲೇ ಲೆನ್ಸ್ ಮಾಡಿ ನೋಡಿದ್ದರು. ಉಸಿರಿಗೆ ಬರ ಇರಲಿಲ್ಲ, ಆದರೆ ಅದು ಕಣ್ಣಿಗೆ ಕಚ್ಚಿಕೊಂಡು ಕೂರುತ್ತಿತ್ತು. ಲೆನ್ಸ್ ಕಣ್ಣಿನ ಮೇಲೆ ಅಲ್ಲಾಡಬೇಕಾದರೆ ಅದರೊಳಗೆ ನೀರಿನ ಕಾಲುವೆಗಳು ಬೇಕು. ಹಾಗಾಗಿ ಸಿಲಿಕೋನ್ ಮತ್ತು ನೀರು ಕುಡಿಯುವ ಪ್ಲಾಸ್ಟಿಕ್ ಎರಡನ್ನೂ ಹೆಣೆಯಬೇಕಾಯಿತು. ಎಣ್ಣೆ-ನೀರು ಬೆರೆಸಿದ ಹಾಗೆ ಇವು ಬೇರೆ ಬೇರೆಯಾದರೆ ಲೆನ್ಸ್ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳಕಿನ ಅಲೆಗೂ ಸಿಗದಷ್ಟು ಸಣ್ಣ ಎಳೆಗಳಲ್ಲಿ ಹೆಣೆದಾಗಲೇ ಅದು ತಿಳಿಯಾಗಿ ಉಳಿಯುವುದು. ಅಷ್ಟು ವರ್ಷ ಹಿಡಿದದ್ದು ಅದಕ್ಕೇ.

ಮೇಲ್ಮೈಯ ಜಗಳ ಆಮೇಲೂ ಮುಗಿಯಲಿಲ್ಲ. ಮೊದಲ ಪೀಳಿಗೆಯವರು ಲೆನ್ಸಿನ ಮೈಗೆ ಪ್ಲಾಸ್ಮಾ ಹಾಯಿಸಿ ನೀರು ಹಿಡಿಯುವ ತೆಳು ಪದರ ಕೂರಿಸಿದರು. ಸೆನೋಫಿಲ್ಕಾನ್‌ನಲ್ಲಿ ಪಿವಿಪಿ ಅನ್ನುವ ನೀರು ಹಿಡಿಯುವ ಅಂಟನ್ನು ವಸ್ತುವಿನ ಒಳಗೇ ಕಲಸಿದ್ದಾರೆ. ಕಾಮ್‌ಫಿಲ್ಕಾನ್‌ಗೆ ಮೇಲ್ಲೇಪವೇ ಇಲ್ಲ, ವಸ್ತುವೇ ಒದ್ದೆಯಾಗುವಂಥದು. ಡೆಲೆಫಿಲ್ಕಾನ್ ಎ ಅನ್ನುವ ದಿನದ ಲೆನ್ಸಿನಲ್ಲಿ ಹೊಟ್ಟೆಯೊಳಗೆ ನೀರು 33%, ಮೈಮೇಲೆ 80%ಕ್ಕೂ ಜಾಸ್ತಿ. ಒಳಗೆ ಉಸಿರು, ಹೊರಗೆ ಜಾರಿಕೆ. ನನ್ನ ಕೇಳಿದರೆ ಇಷ್ಟು ವರ್ಷದಲ್ಲಿ ಬಂದ ಉಪಾಯಗಳಲ್ಲಿ ಇದು ಜಾಣತನದ್ದು. ಬೆಲೆಯೂ ಅಷ್ಟೇ ಜಾಣ.

ಇನ್ನೊಂದು ಗುಣ ಗಡಸುತನ. ಮೊದಲ ಸಿಲಿಕೋನ್ ಲೆನ್ಸುಗಳು ಹೆಮಾಕ್ಕಿಂತ ಎರಡು-ಮೂರು ಪಟ್ಟು ಬಿಗಿ. ಬೆರಳ ತುದಿಯಲ್ಲಿ ಇಟ್ಟುಕೊಂಡರೆ ಗೊತ್ತಾಗುತ್ತಿತ್ತು. ಹೆಮಾ ನೀರುದೋಸೆಯ ಹಾಗೆ ಮಡಚಿ ಬೀಳುತ್ತದೆ, ಇದು ಖಡಕ್ ರೊಟ್ಟಿಯ ಹಾಗೆ ಬಟ್ಟಲಾಗಿ ನಿಲ್ಲುತ್ತದೆ. ಹಾಕಲು ಸುಲಭ, ಆದರೆ ರೆಪ್ಪೆಗೆ ಉಜ್ಜುತ್ತದೆ. ಕೆಲವರಿಗೆ ರೆಪ್ಪೆಯ ಒಳಗೆ ಸಣ್ಣ ಗುಳ್ಳೆಗಳು ಎದ್ದು ತುರಿಕೆ ಶುರುವಾಗುತ್ತಿತ್ತು. ಈಗಿನವು ಅದರ ಅರ್ಧದಷ್ಟು ಮೆತ್ತಗಾಗಿವೆ. ಆದ್ದರಿಂದ ಹತ್ತು-ಹದಿನೈದು ವರ್ಷದ ಹಿಂದೆ ಅಕ್ಕನೋ ಅತ್ತಿಗೆಯೋ 'ಸಿಲಿಕೋನ್ ಚುಚ್ಚುತ್ತೆ ಕಣೇ' ಅಂದಿದ್ದರೆ ಅವರು ಸುಳ್ಳು ಹೇಳಿಲ್ಲ, ಕಾಲ ಬದಲಾಗಿದೆ ಅಷ್ಟೇ.

ಸಿಲಿಕೋನ್‌ಗೆ ಎಣ್ಣೆ ಅಂದರೆ ಪ್ರೀತಿ. ಕಾಡಿಗೆ, ಸನ್‌ಸ್ಕ್ರೀನ್, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಮುಟ್ಟಿದ ಬೆರಳು, ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಕೂತ ಲೆನ್ಸ್ ಮಸುಕಾಗುತ್ತದೆ, ಒದ್ದೆಯಾಗುವುದಿಲ್ಲ. ಮೊದಲು ಲೆನ್ಸ್, ಆಮೇಲೆ ಅಲಂಕಾರ. ರಾತ್ರಿ ಅಂಗೈಯಲ್ಲಿಟ್ಟು ಸೊಲ್ಯೂಷನ್ ಹಾಕಿ ಬೆರಳಿನಿಂದ ಮೆಲ್ಲಗೆ ಉಜ್ಜಿಯೇ ಇಡಬೇಕು, 'ಉಜ್ಜುವುದು ಬೇಡ' ಅಂತ ಬಾಟಲಿ ಮೇಲೆ ಬರೆದಿದ್ದರೂ.

ನಿಮ್ಮ ಐದು ಗಂಟೆಯ ಮರಳಿಗೆ ಮತ್ತೂ ಒಂದು ಕಾರಣ ನಿಮ್ಮ ಆಫೀಸು. ಎಸಿ ಗಾಳಿ ಒಣ. ಕಂಪ್ಯೂಟರ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಬಡಿದರೂ ಅರ್ಧಂಬರ್ಧ. ಲೆನ್ಸ್ ಒಣಗುತ್ತದೆ, ಮುಂದಿನ ಸಲ ರೆಪ್ಪೆ ಒಣ ಮೇಲ್ಮೈಗೆ ತಿಕ್ಕುತ್ತದೆ. ನೀರು ಜಾಸ್ತಿ ಇರುವ ನಿಮ್ಮ 58% ಲೆನ್ಸ್ ಒಣಗುವಾಗ ಕಳೆದುಕೊಳ್ಳುವುದೂ ಜಾಸ್ತಿ. ಹೊಸ ಲೆನ್ಸ್ ಇದನ್ನು ಕಡಿಮೆ ಮಾಡಬಹುದು, ಆದರೆ ಎಲ್ಲರಿಗೂ ಮಾಡುತ್ತದೆ ಅಂತ ಬರೆದುಕೊಡಲಾರೆ. ಅದಕ್ಕೆ ದುಡ್ಡು ಕೊಡುವ ಮೊದಲು ಟ್ರಯಲ್ ಲೆನ್ಸ್ ಕೇಳಿ. ನಾನು ಮಾಡಿಸುವ ಪರೀಕ್ಷೆ ಸರಳ: ಬಲಗಣ್ಣಿಗೆ ಹೊಸದು, ಎಡಗಣ್ಣಿಗೆ ಹಳೆಯದೇ ಬ್ರ್ಯಾಂಡಿನ ಹೊಸ ಜೋಡಿಯದು, ಮೂರು ದಿನ ಆಫೀಸಿಗೆ ಹೋಗಿ ಬನ್ನಿ. ಸಂಜೆ ಐದಕ್ಕೆ ಯಾವ ಕಣ್ಣು ಮೊದಲು ನೆನಪಾಯಿತು ಹೇಳಿ. ಬೆಳಿಗ್ಗೆ ಹಾಕಿದ ಕೂಡಲೇ 'ಆಹಾ' ಅನ್ನಿಸುವುದಕ್ಕೆ ಬೆಲೆ ಇಲ್ಲ. ಎಲ್ಲಾ ಲೆನ್ಸೂ ಬೆಳಿಗ್ಗೆ ಚೆನ್ನಾಗಿರುತ್ತವೆ.

ಇನ್ನು ಮಲಗುವ ವಿಷಯ. ಓದುವ ಕಾಲದಲ್ಲಿ ನಾನೂ ಒಮ್ಮೆ ಬುದ್ಧಿ ಕಲಿತಿದ್ದೇನೆ. ಮತ್ಸ್ಯಗಂಧದಲ್ಲಿ ಊರಿಗೆ ಹೊರಟಿದ್ದೆ, ಎಸಿ ಬೋಗಿ, ಮೇಲಿನ ಬರ್ತ್. ಲೆನ್ಸ್ ತೆಗೆಯಲು ಕೆಳಗಿಳಿಯುವ ಸೋಮಾರಿತನ. ಹಾಗೇ ಮಲಗಿದೆ. ಬೆಳಗಿನ ಜಾವ ಉಡುಪಿಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ದೀಪಗಳ ಸುತ್ತ ಕಾಮನಬಿಲ್ಲಿನ ಬಳೆ, ಎಲ್ಲ ಕಡೆ ಮಂಜು. ಮಂಜಿದ್ದದ್ದು ಊರಿನಲ್ಲಿ ಅಲ್ಲ, ನನ್ನ ಕಾರ್ನಿಯಾದಲ್ಲಿ. ಆಕ್ಸಿಜನ್ ಸಾಲದೆ ನೀರು ತುಂಬಿ ಊದಿಕೊಂಡಿತ್ತು. ನಿದ್ದೆಯಲ್ಲಿ ಬರಿಗಣ್ಣೂ ಒಂದು ಮೂರು-ನಾಲ್ಕು ಶೇಕಡಾ ಊದುತ್ತದೆ, ಹಳೇ ಹೆಮಾ ಹಾಕಿ ಮಲಗಿದರೆ ಹತ್ತು ಶೇಕಡಾಕ್ಕೂ ಮೇಲೆ. ಲೆನ್ಸ್ ಎಳೆದರೂ ಬರಲಿಲ್ಲ. ಕಿತ್ತಿದ್ದರೆ ಮೇಲಿನ ಚರ್ಮವೂ ಜೊತೆಗೆ ಬರುತ್ತಿತ್ತು. ಡ್ರಾಪ್ಸ್ ಹಾಕಿ, ಕಾದು, ಅದು ತಾನಾಗಿ ಅಲ್ಲಾಡಿದ ಮೇಲೆ ತೆಗೆದೆ. ಅಮ್ಮ ನನ್ನ ಕಣ್ಣು ನೋಡಿ ರಾತ್ರಿಯಿಡೀ ಅತ್ತಿದ್ದೆ ಅಂದುಕೊಂಡರು.

ಈಗಿನ ಸಿಲಿಕೋನ್ ಲೆನ್ಸ್ ಹಾಕಿದ್ದರೆ ಆ ಊತ ಬರುತ್ತಿರಲಿಲ್ಲ. ಅಂಗಡಿಯವರ ಮಾತಿಗೆ ಆಧಾರ ಇದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1981ರಲ್ಲಿ ಹಳೇ ಲೆನ್ಸುಗಳಿಗೇ 30 ದಿನ ಮಲಗಿ ಅಂತ ಒಪ್ಪಿಗೆ ಕೊಟ್ಟಿತ್ತು. ಸೋಂಕು ಕಂಡು 1989ರಲ್ಲಿ ಅದನ್ನು ಒಂದು ವಾರಕ್ಕೆ ಇಳಿಸಿತು. 2001ರಲ್ಲಿ ಎರಡು ಸಿಲಿಕೋನ್ ಲೆನ್ಸುಗಳಿಗೆ ಮತ್ತೆ 30 ರಾತ್ರಿ ಕೊಟ್ಟಿತು. ಉಸಿರಿನ ತೊಂದರೆ ನೀಗಿದರೆ ಸೋಂಕೂ ಇಳಿಯುತ್ತದೆ ಅಂತ ನಮ್ಮ ವೃತ್ತಿಯವರೆಲ್ಲ ನಂಬಿದ್ದೆವು.

ಇಳಿಯಲಿಲ್ಲ. 1989ರ ಅಮೆರಿಕದ ಲೆಕ್ಕದಲ್ಲಿ ಹಗಲು ಮಾತ್ರ ಮೆತ್ತನೆ ಲೆನ್ಸ್ ಹಾಕುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 4 ಜನರಿಗೆ ಕಾರ್ನಿಯಾದ ಹುಣ್ಣು, ಹಾಕಿ ಮಲಗುವವರಲ್ಲಿ 21. 2008ರಲ್ಲಿ ಆಸ್ಟ್ರೇಲಿಯಾದವರು ಮತ್ತೆ ಎಣಿಸಿದರು. ಹಳೇ ವಸ್ತು ಹಾಕಿ ಮಲಗುವವರಲ್ಲಿ 19.5, ಸಿಲಿಕೋನ್ ಹಾಕಿ ಮಲಗುವವರಲ್ಲಿ 25.4! ಆಕ್ಸಿಜನ್ ಹಲವು ಪಟ್ಟು ಏರಿದರೂ ಸಂಖ್ಯೆ ಜಗ್ಗಲಿಲ್ಲ. ಯಾಕೆಂದರೆ ನಿದ್ದೆಯಲ್ಲಿ ನಿಲ್ಲುವುದು ಗಾಳಿ ಒಂದೇ ಅಲ್ಲ. ರೆಪ್ಪೆ ಬಡಿಯುವುದಿಲ್ಲ, ಕಣ್ಣೀರು ಹರಿಯುವುದಿಲ್ಲ, ಕಸ ಗುಡಿಸುವವರಿಲ್ಲದ ಮನೆ. ಲೆನ್ಸಿನ ಹಿಂದೆ ಸತ್ತ ಕೋಶ, ಲೋಳೆ, ಬ್ಯಾಕ್ಟೀರಿಯಾ ಎಲ್ಲ ಕೂಡಿಕೊಂಡು ಎಂಟು ಗಂಟೆ ಬೆಚ್ಚಗೆ ಕೂರುತ್ತವೆ. ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಇಷ್ಟು ಸಾಕು, ಒಂದೆರಡು ದಿನದಲ್ಲಿ ಕಾರ್ನಿಯಾ ಕರಗಿಸಬಲ್ಲದು. 10,000ಕ್ಕೆ 25 ಅಂದರೆ ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ದಿನಾ ಬೆಳಿಗ್ಗೆ ಹಾಕುವ ಎರಡು ನಿಮಿಷ ಉಳಿಸಲು ಆ 25ರಲ್ಲಿ ಒಬ್ಬರಾಗುವ ಚೀಟಿ ಎತ್ತುವುದು ನನಗಂತೂ ಒಪ್ಪಿಗೆ ಇಲ್ಲ. ಕೆಲವು ವಿಶೇಷ ಸಂದರ್ಭಗಳಲ್ಲಿ ಡಾಕ್ಟರೇ ಹಾಕಿ ಮಲಗಿಸುತ್ತಾರೆ, ಅದು ಬೇರೆ ಮಾತು.

ಹಾಗಾಗಿ ನನ್ನ ಸಲಹೆ: ಮಲಗುವುದಕ್ಕೆ ಅಂತ ಮಾಡಿದ ವಸ್ತುವನ್ನು ಕೊಳ್ಳಿ, ಎದ್ದಿರುವಾಗ ಹಾಕಿ. ಮನೆಗೆ ಬಂದು ಕೈತೊಳೆದ ಕೂಡಲೇ ತೆಗೆಯಿರಿ, ಊಟ ಆಮೇಲೆ. ತಿಂಗಳ ಲೆನ್ಸ್ ಅಂದರೆ ತೆರೆದ ದಿನದಿಂದ 30 ದಿನ. ಭಾನುವಾರ ಹಾಕಲಿಲ್ಲ ಅಂತ ದಿನ ಮುಂದಕ್ಕೆ ಹೋಗುವುದಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಮಡಿ ಮಾಡಿ. ನಮ್ಮ ಕಟ್ಟಡಗಳ ಮೇಲಿನ ಟ್ಯಾಂಕಿನ ನೀರು ಕುಡಿಯಲು ಫಿಲ್ಟರ್ ಆಗಬಹುದು, ಲೆನ್ಸಿಗೆ ಅದೂ ಬೇಡ. ಅಕಾಂತಮೀಬಾ ಅನ್ನುವ ಜೀವಿ ನಲ್ಲಿ, ಟ್ಯಾಂಕು, ಮಳೆನೀರು ಎಲ್ಲ ಕಡೆ ಇರುತ್ತದೆ. ಕಣ್ಣಿಗೆ ಸೇರಿದರೆ ತಿಂಗಳುಗಟ್ಟಲೆ ಔಷಧ. ಲೆನ್ಸ್ ಹಾಕಿ ಸ್ನಾನ ಮಾಡಬೇಡಿ, ಕೇಸನ್ನು ನಲ್ಲಿಯಲ್ಲಿ ತೊಳೆಯಬೇಡಿ. ಜುಲೈನಲ್ಲಿ ಕುರ್ಲಾದಲ್ಲಿ ಇಳಿದು ಶೇರ್ ರಿಕ್ಷಾ ಹಿಡಿಯುವಷ್ಟರಲ್ಲಿ ಗುಂಡಿ ನೀರು ಮುಖಕ್ಕೆ ರಾಚಿದರೆ ಆಫೀಸಿಗೆ ಹೋಗಿ ಲೆನ್ಸ್ ತೆಗೆದು ಕನ್ನಡಕ ಹಾಕಿ. ಬ್ಯಾಗಿನಲ್ಲಿ ಕನ್ನಡಕ ಇರಲೇಬೇಕು.

ಯಾವತ್ತಾದರೂ ನೋವು, ಕೆಂಪು, ಬೆಳಕು ನೋಡಲಾಗದಿರುವುದು, ಮಸುಕು ಇವುಗಳಲ್ಲಿ ಯಾವುದೇ ಬಂದು ಲೆನ್ಸ್ ತೆಗೆದರೂ ಕಡಿಮೆಯಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಲೆನ್ಸ್ ಮತ್ತು ಕೇಸ್ ಎಸೆಯಬೇಡಿ, ಜೊತೆಗೆ ಒಯ್ಯಿರಿ. ಯಾವ ಕ್ರಿಮಿ ಅಂತ ಅದರಿಂದಲೂ ಗೊತ್ತಾಗುತ್ತದೆ. ಮೆಡಿಕಲ್ ಅಂಗಡಿಯವರು ಕೊಡುವ ಸ್ಟಿರಾಯ್ಡ್ ಡ್ರಾಪ್ಸ್ ಮಾತ್ರ ಬೇಡ, ಕೆಂಪು ಇಳಿಯುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ.

ಟ್ರೇನಿನ ತೂಕಡಿಕೆ ಕೇಳಿದ್ದಿರಿ. ಸಿಲಿಕೋನ್ ಲೆನ್ಸ್ ಹಾಕಿಕೊಂಡು ಅರ್ಧ ಗಂಟೆ ಕಣ್ಣು ಮುಚ್ಚಿದರೆ ಗಾಬರಿ ಪಡಬೇಕಿಲ್ಲ. ಎದ್ದ ಮೇಲೆ ಲೆನ್ಸಿಗೆ ಹೊಂದುವ ಡ್ರಾಪ್ಸ್ ಒಂದೊಂದು ಹನಿ ಹಾಕಿ, ನಾಲ್ಕು ಸಲ ಪೂರ್ತಿ ರೆಪ್ಪೆ ಬಡಿಯಿರಿ, ಕಣ್ಣು ಉಜ್ಜಬೇಡಿ. ದಿನಾ ನಿದ್ದೆ ಬರುತ್ತಿದ್ದರೆ ಮಾತ್ರ ಆಫೀಸು ಬಿಡುವಾಗಲೇ ಲೆನ್ಸ್ ತೆಗೆದು ಕನ್ನಡಕದಲ್ಲಿ ಹೊರಡಿ, ಕಣ್ಣಿಗೆ ಎರಡು ಗಂಟೆ ಉಳಿಯುತ್ತದೆ. ಅದಿರಲಿ, ಸಂಜೆಯ ಹೊತ್ತು ಕುರ್ಲಾದಲ್ಲಿ ಹತ್ತಿ ತೂಕಡಿಸುವಷ್ಟು ಜಾಗ ಎಲ್ಲಿ ಸಿಗುತ್ತದೆ, ಅದನ್ನು ನೀವು ನನಗೆ ಹೇಳಬೇಕು.